ನಾನು ಉಳಿಸಿದ ಸಿಡಿಮದ್ದು

ವಾದದಲ್ಲಿ ಗೆದ್ದು, ಆ ಗೆಲುವಿನ ಬೆಲೆಯನ್ನು ಪರರ ರಟ್ಟೆಯಿಂದ ವಸೂಲು ಮಾಡಿದವರನ್ನು ನೀವು ಕಂಡಿದ್ದೀರಾ? ನಾನೇ ಅಂಥವನು. ತಳಕಲ್ಲಿನ ಕಲ್ಲುಗಣಿಯ ಭೀಮಪ್ಪ ಸಿಡಿಮದ್ದು ಕದಿಯಲಿಲ್ಲ. ಅವನನ್ನು ಕಳ್ಳನೆಂದು ನಂಬಿಸಿದವನು ನಾನು.

ಯುದ್ಧದ ದಿನಗಳು. ಕಾಲೇಜಿನ ಚರ್ಚಾಕೂಟಗಳಲ್ಲಿ ಸೋಲರಿಯದ ನನ್ನನ್ನು ಗುತ್ತೇದಾರರು ಗಣಿಯ ಮೇಲ್ವಿಚಾರಕನನ್ನಾಗಿ ನೇಮಿಸಿದ್ದರು. ರಸ್ತೆಗೆ ಹಾಸುವ ಖಡಿ, ಅಂದರೆ ಜಲ್ಲಿಕಲ್ಲು, ಒದಗಿಸುವ ಗಣಿ ಅದು. ಮದ್ದು ದುಬಾರಿಯಾಗಿತ್ತು. ಅದರಲ್ಲಿ ಉಳಿಸಿ, ಕೂಲಿಕಾರರ ಮಕ್ಕಳಿಗೊಂದು ಶಾಲೆ ತೆರೆಸಬೇಕೆಂಬುದು ನನ್ನ ಆದರ್ಶ — ಆದರ್ಶವೆಂದೇ ಅದನ್ನು ಕರೆಯುತ್ತಿದ್ದೆ. ಉಗ್ರಾಣದ ಕೀಲಿ ನನ್ನಲ್ಲಿತ್ತು. ಗುತ್ತೇದಾರರಿಗೂ ತಿಳಿಸದೆ, ಬಂಡೆಯಲ್ಲಿ ಕೊರೆದ ಕುಳಿಗಳಿಗೆ ಕೊಡುವ ಮದ್ದನ್ನು ಅರ್ಧಕ್ಕಿಳಿಸಿದೆ.

ಮದ್ದು ತುಂಬುವ ಭೀಮಪ್ಪ ಜಗಳಗಂಟ. ಅವನ ನಾಲಿಗೆಯನ್ನು ನಾನು ದ್ವೇಷಿಸುತ್ತಿದ್ದೆ.

"ಸಾಹೇಬ್ರ, ಕಲ್ಲಿಗೆ ಭಾಷಣಾ ಕೇಳಸಂಗಿಲ್ರಿ. ಮದ್ದು ಕೊಡ್ರಿ, ಇಲ್ಲಾಂದ್ರ ನೀವ ಬಂದು ಬೈದು ಒಡೀರಿ!"

ಬಂಡೆ ಬಿರಿಯಿತು, ನುರಿಯಲಿಲ್ಲ. ಆಳೆತ್ತರದ ಗುಂಡುಕಲ್ಲುಗಳು ಉರುಳಿಬಿದ್ದವು. ಅವುಗಳನ್ನು ಸೀಳಲು ದೊಡ್ಡ ಸುತ್ತಿಗೆಯವರನ್ನು ದಿನಗೂಲಿಗೆ ಕರೆಸಬೇಕಾಯಿತು. ಗಾಡಿಗಳು ಖಾಲಿ ನಿಂತವು. ಮದ್ದಿನಲ್ಲಿ ನಾನು ಉಳಿಸಿದ್ದನ್ನೆಲ್ಲ ಸುತ್ತಿಗೆಗಳು ನುಂಗಿದವು, ಇನ್ನಷ್ಟನ್ನೂ ಬೇಡಿದವು. ಖಡಿ ಒಡೆದು ತುಂಬಿದ ಅಳತೆಪೆಟ್ಟಿಗೆಯ ಲೆಕ್ಕದಲ್ಲಿ ಕೂಲಿ ಪಡೆಯುವ ಹೆಂಗಸರು ಅರೆಹೊಟ್ಟೆಯಲ್ಲಿ ಮನೆಗೆ ಹೋದರು.

ಗುತ್ತೇದಾರರು ಬಂದ ದಿನ, ಖಡಿ ಒಡೆಯುವ ಹುಲಿಗೆವ್ವ ನನಗೇ ಅಡ್ಡ ನಿಂತಳು.

"ಇದು ಖಡಿ ಮಾಡೂ ಕಲ್ಲೋ, ಗುಡಿ ಕಟ್ಟೂ ಕಲ್ಲೋ? ಎಷ್ಟ್ ಬಡಿದ್ರೂ ಪೆಟ್ಟಿಗಿ ತುಂಬವಲ್ದು. ರಟ್ಟಿ ನಿಮ್ಮವಲ್ಲ, ನಿಮಗೇನ್ ಗೊತ್ತು!"

ಆಗಲೇ ಒಪ್ಪಿಕೊಳ್ಳಬಹುದಿತ್ತು. ಆದರೆ ಸೋಲುವುದು ನನಗೆ ಅಭ್ಯಾಸವಿರಲಿಲ್ಲ. ಭೀಮಪ್ಪನತ್ತ ಕೈತೋರಿ ಅಂದೆ: "ಮದ್ದು ಎಲ್ಲಿ ಹೋಯಿತೆಂದು ಅವನನ್ನೇ ಕೇಳಿರಿ."

ಅಷ್ಟೇ. 'ಕಳ್ಳ' ಎಂಬ ಪದವನ್ನು ನಾನು ಉಚ್ಚರಿಸಲಿಲ್ಲ — ಅಷ್ಟು ಜಾಣನಾಗಿದ್ದೆ.

"ನಮ್ಮ ಕೂಲಿ ತಿಂದ್ಯೇನೋ ಭಾಡ್ಯಾ!" ಎಂದು ಹುಲಿಗೆವ್ವ ಅವನ ಮೇಲೆ ತಿರುಗಿದಳು. ಕಲ್ಲುಗಳು ತೂರಿಬಂದವು.

"ಮದ್ದು ಅವರೇ ಕಡಿಮಿ ಕೊಟ್ಟಾರ! ಸಾಹೇಬ್ರ, ಒಂದ್ಸಲ ಖರೇ ಹೇಳ್ರಿ!" ಎಂದು ಅವನು ಕೂಗುತ್ತಲೇ ಇದ್ದ. ಜಗಳಗಂಟನನ್ನು ಯಾರು ನಂಬುತ್ತಾರೆ? ನಾನು — ನಾನು ಕನ್ನಡಕ ಒರೆಸಿಕೊಂಡೆ.

ಅವನನ್ನು ಅಟ್ಟಿದ ಮರುದಿನ, ಹೊಸಬನಿಗೆ ಪೂರ್ತಿ ಮದ್ದು ಕೊಟ್ಟೆ. ಬಂಡೆ ಚೂರಾಗಿ ಸುರಿಯಿತು.

"ಕಳ್ಳ ಹೋದ ಮ್ಯಾಲ ನೋಡ್ರಿ, ಕಲ್ಲು ಹೆಂಗ ಮಾತ್ ಕೇಳಾಕತ್ತೈತಿ!" ಎಂದು ಹುಲಿಗೆವ್ವ ನಕ್ಕಳು. ನನ್ನ ಸುಳ್ಳಿಗೆ ಬಂಡೆಯೇ ಸಾಕ್ಷಿ ನುಡಿಯಿತು. ಗುತ್ತೇದಾರರು ನನ್ನನ್ನು ಹೊಗಳಿದರು, ಹೊಗಳಿಕೆಯನ್ನು ಸ್ವೀಕರಿಸಿದೆ. ಶಾಲೆ ತೆರೆಯಲೇ ಇಲ್ಲ.

ಮದ್ದು ಕದ್ದವನೆಂದ ಮೇಲೆ ಯಾವ ಗಣಿಯೂ ಭೀಮಪ್ಪನನ್ನು ಸೇರಿಸಲಿಲ್ಲ. ಹನುಮಸಾಗರದಲ್ಲಿ ಹಮಾಲಿ ಮಾಡುತ್ತ ತೀರಿಕೊಂಡನಂತೆ. ಅವನ ಮಕ್ಕಳನ್ನು ಅಲ್ಲಿ ಇಂದಿಗೂ 'ಮದ್ದುಗಳ್ಳನ ಮನೆಯವರು' ಎನ್ನುತ್ತಾರೆ.

ನನ್ನನ್ನು ಕ್ಷಮಿಸಬೇಡಿರಿ. ಹನುಮಸಾಗರದ ಕಡೆ ಹೋದಾಗ ಆ ಮಾತು ಕಿವಿಗೆ ಬಿದ್ದರೆ, ಆಡಿದವರನ್ನು ಅಲ್ಲಿಯೇ ತಡೆದು, ಇದನ್ನು ಓದಿ ಹೇಳಿರಿ — ಆ ಮಕ್ಕಳಿಗೆ ಕೇಳಿಸುವಂತೆ.