ಖಡಕ್ ಊರಲ್ಲಿ ಮೆತ್ತನೆಯ ಬಿಸ್ಕೀಟು

ನಮ್ಮ ವಿಜಯಪುರದಲ್ಲಿ ಮೆತ್ತಗೆ ಅನ್ನುವುದು ಹೊಗಳಿಕೆಯ ಮಾತಲ್ಲ. ರೊಟ್ಟಿ ಖಡಕ್ ಇರಬೇಕು, ಚಹಾ ಖಡಕ್ ಇರಬೇಕು, ಬಿಸಿಲಿನದಂತೂ ಕೇಳುವುದೇ ಬೇಡ. ಬಿಸ್ಕೀಟು ಮೆತ್ತಗಿದ್ದರೆ ಡಬ್ಬಿಯ ಮುಚ್ಚಳ ಸರಿಯಾಗಿ ಹಾಕಿಲ್ಲ, ಆ ಮನೆಯ ಸೊಸೆಗೆ ಲಕ್ಷ್ಯವಿಲ್ಲ ಎಂದು ಅರ್ಥ. ಇಂಥ ಊರಲ್ಲಿ ಓಟ್ಸು, ಒಣದ್ರಾಕ್ಷಿ ಹಾಕಿ ಬೇಕೆಂದೇ ಮೆತ್ತನೆಯ ಕುಕ್ಕೀಸು ಮಾಡಲು ಹೊರಟವಳು ನಾನು. ನನಗೆ ಹುಚ್ಚು ಹಿಡಿದಿರಲಿಲ್ಲ. ಕಾರಣ ನಮ್ಮ ಅತ್ತೆ.

ಅತ್ತೆ ಕಳ್ಳಕವಟಗಿಯ ಮಗಳು. ತವರಿನಲ್ಲಿ ದ್ರಾಕ್ಷಿ ತೋಟವೂ ಇದೆ, ಅದನ್ನು ಒಣಗಿಸುವ ಶೆಡ್ಡೂ ಇದೆ. ಎಪ್ಪತ್ತು ದಾಟಿದ ಮೇಲೂ ಅವರು ಖಡಕ್ ರೊಟ್ಟಿ ಕಡಿದರೆ ಪಕ್ಕದ ಮನೆಗೆ ಕೇಳುತ್ತಿತ್ತು. ಹೋದ ಚಳಿಗಾಲದಲ್ಲಿ ಉಳಿದ ಹಲ್ಲುಗಳನ್ನೂ ಕೀಳಿಸಬೇಕಾಯಿತು. ಕಟ್ಟಿಸಿದ ಸೆಟ್ಟನ್ನು ಒಂದು ದಿನ ಹಾಕಿಕೊಂಡು, "ಮಂದಿ ಹಲ್ಲು ನನ್ನ ಬಾಯಾಗ ಇಟ್ಟಂಗ ಆಗತೈತಿ," ಎಂದು ತೆಗೆದು ಕಪಾಟಿನಲ್ಲಿಟ್ಟು ಬೀಗ ಹಾಕಿದರು.

ಅಂದಿನಿಂದ ನಮ್ಮ ಜೊತೆ ಊಟಕ್ಕೆ ಕೂರುವುದನ್ನೇ ಬಿಟ್ಟರು. ಕರೆದರೆ ಹಸಿವಿಲ್ಲ. ಗಂಜಿ ಕೊಟ್ಟರೆ, "ನನಗೇನ ಬ್ಯಾನಿ ಬಂದೈತೇನ?" ಚಹಾದಲ್ಲಿ ಬಿಸ್ಕೀಟು ಅದ್ದಿ ತಿನ್ನುವ ಮುದುಕರನ್ನು ಜನ್ಮವಿಡೀ ಗೇಲಿ ಮಾಡಿದವರು, ಈಗ ತಾವೇ ಹೇಗೆ ಅದ್ದುವುದು? ಮಾತಾಡಿದರೂ ಬಾಯಿಗೆ ಸೆರಗು. ಜಂಪರಿನ ತೋಳು ದಿನದಿನಕ್ಕೆ ಸಡಿಲವಾಗುತ್ತಿತ್ತು. ಮನೆಯಲ್ಲಿ ಯಾರೂ ಹಲ್ಲಿನ ಸುದ್ದಿ ಎತ್ತಕೂಡದೆಂದು ನನ್ನ ಗಂಡ ತಾಕೀತು ಮಾಡಿದ್ದರು. ನನ್ನಂಥ ಬಾಯಿಬಡುಕಿಗೆ ಅದೇನು ಸಣ್ಣ ಶಿಕ್ಷೆಯಲ್ಲ. ಆದರೆ ನನಗೆ ನಿಜವಾಗಿ ಹೆದರಿಕೆಯಾಗಿತ್ತು. ಮದುವೆಯಾದಾಗಿನಿಂದ ಜಗಳವಾಡಿಕೊಂಡು ಬಂದ ಹೆಂಗಸು ಹೀಗೆ ಕಣ್ಣೆದುರೇ ಸೊರಗಿದರೆ ನಾನು ಜಗಳ ಯಾರ ಹತ್ತಿರ ಆಡಲಿ?

ಆಗ ಮಗಳು ಫೋನಿನಲ್ಲಿ ಈ ಕುಕ್ಕೀಸು ತೋರಿಸಿದಳು. "ಮೆತ್ತಗ ಇರತಾವ ಅವ್ವಾ, ಜಗದ್ರ ಹಂಗ ಬಾಯಾಗ ಕರಗತಾವ." ಅದ್ದುವುದೂ ಬೇಡ, ಕಡಿಯುವುದೂ ಬೇಡ, ವಸಡಿನಲ್ಲೇ ಜಗಿಯಬಹುದು. ಅದಕ್ಕಿಂತ ಹೆಚ್ಚಿನದೇನು ಬೇಕು?

ಒಣದ್ರಾಕ್ಷಿಯನ್ನು ಬಿಸಿನೀರಿನಲ್ಲಿ ನೆನೆಹಾಕಿದ್ದೇ ತಡ, ಅತ್ತೆ ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು.

"ನಮ್ಮ ತಮ್ಮ ವಾರಗಟ್ಟಲೆ ಕಾದು ಒಣಗಿಸ್ಯಾನ. ನೀ ಒಂದ ತಾಸಿನ್ಯಾಗ ಹಸಿ ಮಾಡಾಕ ಹೊಂಟಿ. ದ್ರಾಕ್ಷಿನ ಬೇಕಿತ್ತಂದ್ರ ತೋಟದಾಗ ಇದ್ದಿದ್ದಿಲ್ಲೇನ?"

"ನೆನದ್ರ ಮೆತ್ತಗ ಆಗತಾವ್ರಿ ಅತ್ತಿ."

"ಮೆತ್ತಗ ಆಗಿ ಏನ್ ಮಾಡೂದೈತಿ?"

ಉತ್ತರ ನನ್ನ ನಾಲಗೆಯ ತುದಿಯಲ್ಲೇ ಇತ್ತು. ನುಂಗಿಕೊಂಡು ಬೆಣ್ಣೆಗೆ ಬೆಲ್ಲದ ಪುಡಿ ಹಾಕಿ ತಿಕ್ಕಿದೆ. ನಮ್ಮಲ್ಲಿ ಮೊಟ್ಟೆ ನಡೆಯುವುದಿಲ್ಲ, ಅದರ ಬದಲು ಗಟ್ಟಿ ಮೊಸರು. ಗೋಧಿ ಹಿಟ್ಟು, ಓಟ್ಸು, ಚೂರು ದಾಲ್ಚಿನ್ನಿ, ನೀರು ಬಸಿದ ದ್ರಾಕ್ಷಿ ಎಲ್ಲ ಸೇರಿಸಿ ಉಂಡೆ ಕಟ್ಟಿ, ಅಂಗೈಯಲ್ಲಿ ಸ್ವಲ್ಪ ಒತ್ತಿ ಓವನ್ನಿಗಿಟ್ಟೆ. ಅಂಚು ಕೆಂಪಾಗಿ ನಡುವೆ ಇನ್ನೂ ಹಸಿಯೇನೋ ಅನ್ನಿಸುವಾಗಲೇ ತೆಗೆಯಬೇಕು, ಬಿಸಿ ತಟ್ಟೆಯ ಮೇಲೆ ಉಳಿದದ್ದು ಬೇಯುತ್ತದೆ. ಹಾಗೇ ತೆಗೆದು ಆರಲು ಬಿಟ್ಟು, ತಿಕೋಟಾದಲ್ಲಿ ಬಳಗದ ಬಸುರಿಯೊಬ್ಬಳ ಕುಬಸಕ್ಕೆ ಹೊರಟುಹೋದೆ.

ಇಳಿಹೊತ್ತಿಗೆ ಬಂದು ನೋಡಿದರೆ ತಟ್ಟೆ ಖಾಲಿ. ನನ್ನ ಎದೆ ಅರಳಿತು. ಹಾಡು ಗುನುಗುತ್ತ ಬಟ್ಟೆ ತೆಗೆಯಲು ಮಾಳಿಗೆ ಹತ್ತಿದೆ. ಅಲ್ಲಿ ಹಳೇ ಧೋತರದ ಮೇಲೆ, ಸಂಡಿಗೆಯ ಪಕ್ಕ, ನನ್ನ ಕುಕ್ಕೀಸುಗಳು ಸಾಲಾಗಿ ಒಣಗುತ್ತಿದ್ದವು. ಅತ್ತೆ ಕೋಲು ಹಿಡಿದು ಕಾಗೆ ಕಾಯುತ್ತಿದ್ದರು.

"ಎಲ್ಲಾ ಮೆತ್ತಗಾಗಿದ್ವು ಬೇ. ಮಂದಿ ಬಂದ್ರ ನಗತಾರಂತ ಬಿಸಲಿಗೆ ಹಾಕೇನಿ. ಈಗ ನೋಡು, ಹೆಂಗ ಖಡಕ್ ಆಗ್ಯಾವ."

ಒಂದನ್ನು ಎತ್ತಿ ಗೋಡೆಗೆ ಬಡಿದು ತೋರಿಸಿದರು. ಹಂಚು ಬಡಿದಂತೆ ಸದ್ದಾಯಿತು. "ಛಲೋ ಆತ್ರಿ," ಎಂದು ಕೆಳಗಿಳಿದೆ. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಅನ್ನುತ್ತಾರೆ, ನಮ್ಮಲ್ಲಿ ಬೆಕ್ಕಿಲ್ಲದ್ದರಿಂದ ಅವತ್ತು ಪಾತ್ರೆಗಳು ಅನುಭವಿಸಿದವು.

ಹಟದಲ್ಲಿ ನಾನೇನು ಕಡಿಮೆಯೇ? ಮುಂದಿನ ವಾರ ಮತ್ತೆ ಮಾಡಿ, ಆರಿದ ತಕ್ಷಣ ಸ್ಟೀಲಿನ ಡಬ್ಬಿಗೆ ತುಂಬಿ ಅಕ್ಕಿಯ ಪಿಪಾಯಿಯ ಹಿಂದೆ ಬಚ್ಚಿಟ್ಟೆ. ಅವತ್ತೇ ಹೇಳದೆ ಕೇಳದೆ ಬಬಲೇಶ್ವರದ ಬೀಗತಿ ಬಂದರು. ನನ್ನ ನಾದಿನಿಯ ಅತ್ತೆ ಅವರು. ಅವರೆದುರು ನಮ್ಮ ಅತ್ತೆ ಹಳೆಯ ಸೀರೆಯನ್ನೂ ಉಡುವವರಲ್ಲ. ಹಲ್ಲಿನ ಸುದ್ದಿ ಬಬಲೇಶ್ವರ ಮುಟ್ಟಬಾರದೆಂದು ನಾದಿನಿಯಿಂದ ಆಣೆ ಹಾಕಿಸಿಕೊಂಡಿದ್ದರು. ಚಹಾದ ಜೊತೆ ಕೊಡಲು ಮನೆಯಲ್ಲಿ ಬೇರೇನೂ ಇರಲಿಲ್ಲ. ವಿಧಿಯಿಲ್ಲದೆ ಡಬ್ಬಿ ತೆಗೆದೆ.

ಬೀಗತಿ ಒಂದನ್ನು ಎತ್ತಿ ಹೆಬ್ಬೆರಳಿನಿಂದ ಒತ್ತಿ ನೋಡಿದರು. "ಏನವ್ವಾ, ನಿನ್ನ ಬಿಸ್ಕೀಟ ಮೆತ್ತಗಾಗ್ಯಾವಲ್ಲ. ಮುಚ್ಚಳಾ ಸರಿ ಹಾಕೂದಿಲ್ಲೇನ?"

ನನಗೆ ಮುಖ ಎಲ್ಲಿಡಲಿ ಅನ್ನಿಸಿತು. ಅತ್ತೆಯ ಕಡೆ ನೋಡಲೂ ಧೈರ್ಯವಿರಲಿಲ್ಲ. ಹೋದ ವಾರ ಇದೇ ಮಾತು ಅಂದವರು ಅವರೇ ತಾನೆ?

ಅತ್ತೆ ಬಾಯಿಯ ಮೇಲಿನ ಸೆರಗು ತೆಗೆದರು.

"ಮೆತ್ತಗ ಆಗಿಲ್ರಿ. ಮೆತ್ತಗ ಮಾಡ್ಯಾಳ. ನನ್ನ ಬಾಯಾಗ ಒಂದ ಹಲ್ಲ ಉಳದಿಲ್ಲ, ನನ್ನ ಸಲುವಾಗಿ ಮಾಡ್ಯಾಳ." ಬಾಯಿ ತೆರೆದು ತೋರಿಸಿಯೂ ಬಿಟ್ಟರು. ಆಮೇಲೆ ತಟ್ಟೆಯಿಂದ ಒಂದು ಕುಕ್ಕೀಸು ತೆಗೆದುಕೊಂಡು, ಬೀಗತಿಯನ್ನೇ ನೋಡುತ್ತ, ನಿಧಾನವಾಗಿ ಪೂರ್ತಿ ತಿಂದರು.

ಅವರಿಗೆ ಯಾವಾಗ ತಿಳಿಯಿತೋ ನಾನು ಇವತ್ತಿಗೂ ಕೇಳಿಲ್ಲ. ಕಣ್ಣು ತುಂಬಿ ಬಂದು, ಸಕ್ಕರೆ ತರುವ ನೆವದಲ್ಲಿ ಒಳಗೆ ಹೋದೆ. ಹೊರಗೆ ಬೀಗತಿಯ ದನಿ ತಗ್ಗಿತ್ತು. "ನನ್ನವೂ ಕಟ್ಟಿಸಿದ್ವ ಅದಾವ್ರಿ. ಇನ್ನೊಂದ ಕೊಡ್ರಿ ಅದನ್ನ."

ಅವತ್ತು ಊಟಕ್ಕೆ ತಾಟು ಹಾಕುವಾಗ ಅತ್ತೆ ಕರೆಯದೇ ಬಂದು ಸಾಲಿನಲ್ಲಿ ಕುಳಿತರು. ಖಡಕ್ ರೊಟ್ಟಿಯನ್ನು ಎರಡೂ ಅಂಗೈಯಲ್ಲಿ ಪುಡಿ ಮಾಡಿ, ಬಿಸಿ ಸಾರಿನಲ್ಲಿ ನೆನೆಯಲು ಬಿಟ್ಟರು. ನಾವೆಲ್ಲ ನೋಡಿಯೂ ನೋಡದವರಂತೆ ತಲೆ ತಗ್ಗಿಸಿ, ಸದ್ದಾಗದಂತೆ ರೊಟ್ಟಿ ಮುರಿಯುತ್ತಿದ್ದೆವು.

"ಯಾಕ, ಎಲ್ಲಾರೂ ಸುಮ್ಮಕ ಕುಂತೀರಿ?" ಎಂದರು ಅತ್ತೆ. "ಹಲ್ಲು ನನ್ನವ ಹೋಗ್ಯಾವ. ನಾಲಗಿ ನಿಮ್ಮವ ಹೋಗ್ಯಾವೇನ?"