ಗೋಡೆಯಾಚೆಯ ಗಿಳಿ

ಹೋದ ಭಾನುವಾರ ಚಳ್ಳಕೆರೆಯ ರೀಡಿಂಗ್ ರೂಮಿನಲ್ಲಿ ಕೂತಿದ್ದಾಗ ನನಗೆ ಹೊಟ್ಟೆ ಉರಿಯಿತು. ಊಟದ ದೋಷವಲ್ಲ. ತಿಪ್ಪಯ್ಯನ ಲೆಕ್ಚರಿನ ದೋಷ.

ತಿಪ್ಪಯ್ಯ ಪರಶುರಾಂಪುರದವನು, ಕುರಿ ಸಾಕಿದ ಮನೆಯವನು. ಚಿಕ್ಕಂದಿನಲ್ಲಿ ಚಳ್ಳಕೆರೆಯ ಸ್ಕೂಲಿನಲ್ಲಿ ನಾವಿಬ್ಬರೂ ಒಂದೇ ಬೆಂಚು. ನನ್ನ ಸ್ಲೇಟು ನೋಡಿಕೊಂಡು ಲೆಕ್ಕ ಮಾಡುತ್ತಿದ್ದವನು ಅವನು (ಇದನ್ನು ಹೇಳದೆ ಮುಂದೆ ಹೋಗಲಾರೆ). ಈಗ ಅವನು ಮದರಾಸಿಗೆ ಹೋಗಿ ಬಿ.ಎ. ಮಾಡಿಕೊಂಡು ಬಂದಿದ್ದಾನೆ. ನಾನು ಇಲ್ಲೇ ಸ್ಕೂಲಿನಲ್ಲಿ ಮಕ್ಕಳಿಗೆ ಮಗ್ಗಿ ಹೇಳಿಕೊಡುತ್ತಿದ್ದೇನೆ. ಅವನಿಗೆ ಕೋಟು ಇದೆ, ಕೋಟಿನ ಜೇಬಿನಲ್ಲಿ ಸರಪಳಿ ಗಡಿಯಾರ ಇದೆ. ಗಡಿಯಾರ ನಿಂತು ಎಷ್ಟು ಕಾಲವಾಯಿತೋ. ಆದರೂ ಮಾತಿನ ಮಧ್ಯೆ ತೆಗೆದು ನೋಡುತ್ತಾನೆ.

ಲೆಕ್ಚರಿನ ವಿಷಯ 'ನಾಗರಿಕತೆ ಎಂಬ ವೃಕ್ಷ'. ವಿಲಾಯತಿಯ ಪಂಡಿತರ ಹೊಸ ಥಿಯರಿಯಂತೆ. ಮನುಷ್ಯರ ನಡೆನುಡಿ, ಉಡುಗೆ, ಕಸುಬು ಎಲ್ಲವೂ ಗಿಡಮರಗಳ ಹಾಗೆ, ಪ್ರಾಣಿಗಳ ಹಾಗೆ ಬೆಳೆಯುತ್ತವಂತೆ. ಚಿಗುರುತ್ತವೆ, ಕವಲೊಡೆಯುತ್ತವೆ, ಕೆಲವು ಒಣಗುತ್ತವೆ. ಬಿಳಿ ಕುರಿಗೆ ಒಮ್ಮೊಮ್ಮೆ ಕರಿ ಮರಿ ಹುಟ್ಟುವ ಹಾಗೆ, ಪದ್ಧತಿಗಳಲ್ಲೂ ಸಣ್ಣ ವ್ಯತ್ಯಾಸ ತಾನಾಗಿ ಹುಟ್ಟುತ್ತದೆ. ಯಾವುದು ಹೊಂದುತ್ತದೋ ಅದು ಉಳಿಯುತ್ತದೆ. ಹೊಂದದೆ ಇದ್ದದ್ದು ಅಳಿಯುತ್ತದೆ.

ಇಲ್ಲಿಯ ತನಕ ನನ್ನದೇನೂ ತಕರಾರಿರಲಿಲ್ಲ. ಆಕಳಿಸುತ್ತಿದ್ದೆ. ಆಮೇಲೆ ಅವನು ದೃಷ್ಟಾಂತ ಎತ್ತಿದ.

"ಮೊಳಕಾಲ್ಮೂರಿನ ರೇಷ್ಮೆ ಸೀರೆ ನೋಡಿದ್ದೀರಿ. ಅಂಚಿನ ತುಂಬ ಸಾಲು ಗಿಳಿ. ಮೊದಲು ಆ ಗಿಳಿಗಳು ಸೆರಗಿನ ಕಡೆ ಮುಖ ಮಾಡಿ ಹೊರಟಿದ್ದವು. ಈಗ ಎಲ್ಲ ಸೀರೆಯಲ್ಲೂ ಮಡಿಲ ಕಡೆ ಬರುತ್ತವೆ. ತಿರುಗಿಸಿದವರು ಯಾರು? ಯಾರೂ ಅಲ್ಲ! ತಾನಾಗಿ ತಿರುಗಿತು. ಇದೇ ಪ್ರಕೃತಿಯ ನಿಯಮ."

ಚಪ್ಪಾಳೆಯೋ ಚಪ್ಪಾಳೆ. ಅಮಲ್ದಾರರು ತಲೆದೂಗಿದರು. ಇದೇ ಲೆಕ್ಚರನ್ನು ಇನ್ನು ಕೆಲವೇ ದಿನದಲ್ಲಿ ದುರ್ಗದಲ್ಲೂ ಮಾಡಬೇಕೆಂದರು. ಪುಸ್ತಕವಾಗಿ ಅಚ್ಚು ಹಾಕಿಸುತ್ತಾರಂತೆ. ನನ್ನ ಸ್ಲೇಟು ನೋಡಿ ಬರೆದವನ ಪುಸ್ತಕ!

ನಾನು ಎದ್ದು ನಿಂತೆ. "ಯಾರೂ ಅಲ್ಲ ಅಂದ್ರೇನು? ತಿರುಗಿಸಿದ್ದು ನಮ್ಮವ್ವ."

ನಾನು ಮೊಳಕಾಲ್ಮೂರಿನ ನೇಕಾರರ ಮನೆಯವನು. ಮಗ್ಗದಲ್ಲಿ ಕೂರುತ್ತಿದ್ದವರು ಅಪ್ಪ. ಎಳೆ ಎಣಿಸಿ, ಅಂಚಿನ ಚಿತ್ರಕ್ಕೆ ದಾರ ಕಟ್ಟುತ್ತಿದ್ದವಳು ಅವ್ವ. ಅವಳು ಕಟ್ಟಿದಂತೆ ಮಗ್ಗದಲ್ಲಿ ಚಿತ್ರ ಏಳುತ್ತದೆ. ಮಡಿಲಿಗೆ ಬರುವ ಗಿಳಿ ಮೊದಲು ಹುಟ್ಟಿದ್ದು ನಮ್ಮ ಮನೆಯಲ್ಲಿ. ಮದುವೆಯವರು ಹುಡುಕಿಕೊಂಡು ಬರುತ್ತಿದ್ದದ್ದು ನನಗೆ ನೆನಪಿದೆ. ಹೊಸ ಹೆಣ್ಣಿನ ಮಡಿಲಿಗೆ ಗಿಳಿ ಬರಬೇಕಲ್ಲದೆ ಹೋಗಬಾರದಲ್ಲ?

ತಿಪ್ಪಯ್ಯ ಗಡಿಯಾರ ಮುಚ್ಚಿದ. "ಲೇ, ನಿಮ್ಮವ್ವ ಪ್ರಕೃತಿಗಿಂತ ದೊಡ್ಡೋರೇನಲೇ?"

ಸಭೆ ನಕ್ಕಿತು. ಅಮಲ್ದಾರರೂ ನಕ್ಕರು. ನನ್ನ ಕಿವಿ ಬಿಸಿಯಾಯಿತು. ಸಭೆ ಮುಗಿದ ಮೇಲೆ ಅವನೇ ಬಂದು ಹೆಗಲ ಮೇಲೆ ಕೈ ಹಾಕಿದ. "ಸಿಟ್ಟಾಗಬ್ಯಾಡಲೇ. ಅವ್ವನ್ನ ಕೇಳ್ಕೊಂಡು ಬಾ. ಬೇಕಂತಲೇ ತಿರುಗಿಸಿದ್ದು ಅಂತ ಗೊತ್ತಾದ್ರೆ ದುರ್ಗದಾಗೆ ಹೇಳ್ತೀನಿ. ಪುಸ್ತಕದಾಗೆ ಅವರ ಹೆಸರೂ ಹಾಕ್ತೀನಿ."

ಅವನು ಒಳ್ಳೆಯವನು. ಅದೇ ನನಗೆ ಸಹಿಸಲಾಗದ್ದು.

ಮರುದಿನವೇ ರಜೆ ಹಾಕಿ ಬಂಡಿ ಹತ್ತಿದೆ. ಕೊಂಡ್ಲಹಳ್ಳಿಯಲ್ಲಿ ಎತ್ತುಗಳಿಗೆ ನೀರು ಕುಡಿಸುವಾಗಲೂ ನನ್ನ ತಲೆಯಲ್ಲಿ ಆ ಪುಸ್ತಕದ್ದೇ ಚಿತ್ರ. ಅವ್ವನ ಹೆಸರು ಅಚ್ಚಿನಲ್ಲಿ. ಅದರ ಪಕ್ಕ 'ಇಂಥವರ ತಾಯಿ' ಎಂದು ನನ್ನ ಹೆಸರು. (ತಾಯಿಯ ಕೀರ್ತಿಗಾಗಿಯೇ ಹೋದೆ ಎಂದು ಬರೆಯಬಹುದಿತ್ತು. ನೀವು ನಂಬುತ್ತಿದ್ದಿರಾ?)

ಊರಿನಲ್ಲಿ ನಮ್ಮದು ಭಾಗವಾದ ಮನೆ. ಅಂಗಳದ ನಡುವೆ ಎದೆಮಟ್ಟದ ಗೋಡೆ. ಈಚೆ ಅವ್ವ, ಆಚೆ ಪಿನ್ನಮ್ಮ. ಪಿನ್ನಮ್ಮ ಎಂದರೆ ನಮ್ಮ ಚಿಕ್ಕಪ್ಪನ ಹೆಂಡತಿ. ಅಪ್ಪನೂ ಚಿಕ್ಕಪ್ಪನೂ ಈಗಿಲ್ಲ. ಮಗ್ಗದ ಮೇಲೆ ಈಚೆ ನನ್ನ ತಮ್ಮ, ಆಚೆ ಪಿನ್ನಮ್ಮನ ಮಗ. ಅಂಚಿಗೆ ದಾರ ಕಟ್ಟುವವರು ಈಗಲೂ ಈ ವಾರಗಿತ್ತಿಯರೇ. ಒಬ್ಬರ ಜೊತೆ ಒಬ್ಬರು ಮಾತು ಬಿಟ್ಟು ಎಷ್ಟೋ ವರ್ಷವಾಯಿತು. ಗೋಡೆ ಸುಣ್ಣ ಕಂಡಿಲ್ಲ. ಯಾರು ಬಳಿಯಬೇಕೆಂಬುದು ಇನ್ನೂ ತೀರ್ಮಾನವಾಗಿಲ್ಲ.

ಅವ್ವನಿಗೆ ಎಲ್ಲ ಹೇಳಿದೆ. (ನಮ್ಮ ಮನೆಮಾತು ತೆಲುಗು. ನಿಮಗಾಗಿ ಕನ್ನಡ ಮಾಡಿದ್ದೇನೆ.) "ಗಿಳೀನ ಯಾಕೆ ತಿರುಗಿಸಿದೆ ಅವ್ವ? ಮಡಿಲಿಗೆ ಬರಲಿ ಅಂತಲ್ಲವಾ?"

ಅವ್ವ ದಾರದ ಉಂಡೆ ಸುತ್ತುವುದನ್ನು ನಿಲ್ಲಿಸಿದಳು. ಗೋಡೆಯ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದಳು.

"ಏಮ್ರಾ, ಇದನ್ನ ಕೇಳಾಕೆ ಬಂಡಿ ಕಟ್ಟಿಸ್ಕೊಂಡು ಬಂದ್ಯಾ? ತಿರುಗಿಸಿದ್ದು ಅಲ್ಲ. ತಿರುಗಿದ್ದು. ಗಿಳಿ ಮೊದಲು ಕಟ್ಟಿದೋಳು ಗೋಡೆಯಾಚೆ ಅವಳು. ಮದುವೆಯೋರೆಲ್ಲ ನಮ್ಮ ಬಾಗಿಲು ದಾಟಿ ಅವಳ ಮನೆಗೆ ಹೋಗೋರು. ನನ್ನ ಕಣ್ಣಾಗೆ ನೋಡಾಕಾಗ್ತಿರಲಿಲ್ಲ. ಒಂದಿನ ಅವಳು ಮಗ್ಗದಿಂದ ಇಳಿಸಿದ ಸೀರೇನ ಅಂಗಳದಾಗೆ ಬಿದಿರ ಗಳದ ಮೇಲೆ ಹಾಕಿದ್ಳು. ಸೆರಗು ಮಡಿಕೆ ಒಳಗೆ, ಯಾವ ಕಡೆ ಐತೆ ಅಂತ ಕಾಣ್ತಿರಲಿಲ್ಲ, ಅಂಚು ಮಾತ್ರ ಹೊರಗೆ. ಬಗ್ಗಿ ನೋಡಿದೆ, ನೋಡ್ಕೊಂಡೆ, ಕಟ್ಟಿದೆ. ನಿಮ್ಮಪ್ಪ ಒಂದು ಸೀರೆ ಪೂರಾ ನೇಯ್ದ ಮೇಲೆ ಗೊತ್ತಾತು, ನಾನು ನೋಡಿದ್ದು ಬಟ್ಟೆಯ ಹಿಂಬದಿ ಅಂತ. ಹಿಂಬದಿಯಿಂದ ನೋಡಿದ್ರೆ ಬಲಕ್ಕೆ ಹೋಗೋ ಗಿಳಿ ಎಡಕ್ಕೆ ಹೋಗಲ್ವಾ?"

"ಆಮೇಲೆ?"

"ಆಮೇಲೇನು. ಬಿಚ್ಚಾಕಾಗ್ತದಾ? ಮಾರಿದ್ವಿ. ತಗೊಂಡೋರು ಗಿಳಿ ಮಡಿಲಿಗೆ ಬರ್ತೈತೆ ಅಂತ ಕುಣಿದಾಡಿದ್ರು. ಹೌದು, ಅದಕ್ಕೇ ಮಾಡಿದ್ದು ಅಂದೆ."

ನಾನು ಕಂಬಕ್ಕೆ ಒರಗಿದೆ. ಇದೇನಾಯಿತು? ಬೇಕೆಂದು ಮಾಡಿದ್ದಲ್ಲ. ಕಣ್ತಪ್ಪಿನಿಂದ ಹುಟ್ಟಿದ ವ್ಯತ್ಯಾಸ. ಹೊಂದಿಕೊಂಡಿತು, ಉಳಿಯಿತು. ಹೆಸರು ಹಾಕಿಸಲು ಹೋದವನಿಗೆ ತಿಪ್ಪಯ್ಯನ ಥಿಯರಿಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಸಿಕ್ಕಿತ್ತು! ಅದೂ ನನ್ನ ಮನೆಯಲ್ಲಿ, ನನ್ನ ಅವ್ವನ ಬಾಯಿಂದ. ಇದನ್ನು ಅವನಿಗೆ ಹೇಳುವುದಕ್ಕಿಂತ ನಾಲಿಗೆ ಕಚ್ಚಿಕೊಳ್ಳುವುದೇ ಮೇಲು ಅನ್ನಿಸಿತು. ದುರ್ಗದ ಚಪ್ಪಾಳೆ ನನಗೆ ಅಲ್ಲಿಂದಲೇ ಕೇಳುತ್ತಿತ್ತು.

ಅಷ್ಟರಲ್ಲಿ ಗೋಡೆಯಾಚೆಯಿಂದ ಕೂಗು. "ಒರೇ, ಬಂದೋನು ಪಿನ್ನಮ್ಮನ ಮುಖ ನೋಡದೆ ಹೋಗ್ತೀಯಾ?"

ಹೋದೆ. ಪಿನ್ನಮ್ಮ ಬೆಲ್ಲ, ಹುರಿದ ಶೇಂಗಾ ಮುಂದಿಟ್ಟಳು. ಮಗನ ಮಗ್ಗದ ಸದ್ದು ಒಳಗಿಂದ ಬರುತ್ತಿತ್ತು. ನಾನು ಬಾಯಿಗೆ ಹಾಕಿಕೊಳ್ಳುವ ಮೊದಲೇ ಕೇಳಿದಳು.

"ಏನಂದ್ಳು ನಿಮ್ಮವ್ವ? ಗಿಳಿ ತನ್ನದು ಅಂದ್ಳಾ?"

"ನಿಮ್ಮದು ನೋಡಿ ಕಟ್ಟಿದ್ದು ಅಂದ್ಳು, ಪಿನ್ನಮ್ಮ. ಹಿಂಬದಿ ನೋಡಿಬಿಟ್ಟಿದ್ಳಂತೆ. ಗೊತ್ತಾಗ್ದೆ."

ಪಿನ್ನಮ್ಮ ನಕ್ಕಳು. ಆ ನಗೆಯಲ್ಲಿ ಸಂತೋಷವಿರಲಿಲ್ಲ.

"ಗೊತ್ತಾಗ್ದೆ! ಅವಳಿಗೆ ಗೊತ್ತಾಗ್ಬಾರ್ದು ಅಂತಲೇ ಅಲ್ವಾ ನಾನು ಹಿಂಬದಿ ಹಾಕಿದ್ದು? ದಿನಾ ಗೋಡೆ ಹತ್ರ ಬಂದು ಇಣುಕೋಳು. ಇಣುಕಲಿ ಅಂತ ಸೆರಗು ಒಳಗೆ ಮಡಚಿ, ತಿರುಗಿಸಿ ಹರವಿದೆ. ಗಿಳಿ ತಿರುಗಾಮುರುಗಾ ಬರ್ತದೆ, ಊರು ನಗ್ತದೆ ಅಂದ್ಕೊಂಡೆ. ಊರು ನನ್ನ ನೋಡಿ ನಕ್ತು. ನನ್ನ ಗಿಳಿ ನಾನೇ ತಿರುಗಿಸ್ಬೇಕಾತು, ಅವಳದು ನೋಡ್ಕೊಂಡು!"

ಅವಳ ಕಣ್ಣಲ್ಲಿ ನೀರು ಬಂದಿತ್ತು. ನಾನು ಕೈಯಲ್ಲಿದ್ದ ಶೇಂಗಾ ಕೆಳಗಿಟ್ಟೆ.

ಈಗ ಹೇಳಿ. ಇದರಲ್ಲಿ ತಾನಾಗಿ ಆದದ್ದು ಎಷ್ಟು? ಒಬ್ಬಳು ಕದ್ದು ನೋಡಿದಳು. ಇನ್ನೊಬ್ಬಳು ಅವಳು ಕದಿಯಲಿ ಎಂದೇ ತಪ್ಪನ್ನು ಹರವಿ ಇಟ್ಟಳು. ಕುರಿಯ ಬಣ್ಣ ಮರಿಗೆ ಬರುವುದು ತಾಯಿಯಿಂದ. ಗಿಳಿ ಬಂದದ್ದು ಗೋಡೆಯ ಮೇಲಿಂದ. ಪಕ್ಕದ ಹಟ್ಟಿಯ ಟಗರನ್ನು ಕಂಡು ಕೊಂಬು ತಿರುಗಿಸಿಕೊಂಡ ಟಗರು ಪರಶುರಾಂಪುರದಲ್ಲಿ ಒಂದಾದರೂ ಇದೆಯೇ? ಮನುಷ್ಯರನ್ನು ಮರಕ್ಕೆ ಹೋಲಿಸುವ ಪಂಡಿತರು ನೀರು, ಗೊಬ್ಬರ, ಬಿಸಿಲು ಎಲ್ಲ ಲೆಕ್ಕ ಹಾಕಿದ್ದಾರೆ. ಹೊಟ್ಟೆಕಿಚ್ಚನ್ನು ಬಿಟ್ಟುಬಿಟ್ಟಿದ್ದಾರೆ. ಅದಿಲ್ಲದೆ ಈ ಸೀಮೆಯಲ್ಲಿ ಒಂದು ಅಂಚಾದರೂ ಬದಲಾಗಿದ್ದನ್ನು ನಾನು ಕಂಡಿಲ್ಲ.

(ನಾನೇ ಇದಕ್ಕೆ ಸಾಕ್ಷಿ. ತಿಪ್ಪಯ್ಯ ಆ ಲೆಕ್ಚರ್ ಮಾಡದಿದ್ದರೆ ನಾನು ಈ ವಿಷಯ ಯೋಚಿಸುತ್ತಿದ್ದೆನೇ? ಅವನು ದುರ್ಗಕ್ಕೆ ಹೋಗುವ ಮೊದಲೇ ಈ ಪತ್ರಿಕೆ ಅವನ ಕೈ ಸೇರಬೇಕೆಂದು ಸಂಪಾದಕರನ್ನು ಕಾಡಿಬೇಡಿದ್ದೇನೆ. ಅವ್ವನಿಗೂ ಪಿನ್ನಮ್ಮನಿಗೂ ಕನ್ನಡ ಓದಲು ಬಾರದು. ಅದೊಂದು ಧೈರ್ಯ.)

ಹೊರಡುವ ಮುಂಚೆ ಅವ್ವನಿಗೆ ಎಲ್ಲ ಹೇಳಿಬಿಟ್ಟೆ. ಪಿನ್ನಮ್ಮ ಬೇಕೆಂದೇ ಸೀರೆ ತಿರುಗಿಸಿ ಹಾಕಿದ್ದು, ಊರು ನಕ್ಕದ್ದು, ಕಣ್ಣೀರು ಹಾಕಿದ್ದು. ಅವ್ವ ಉಂಡೆಯ ಎಳೆ ಬೆರಳಿಗೆ ಸುತ್ತಿಕೊಂಡು ಕೂತೇ ಇದ್ದಳು. ಇಷ್ಟು ವರ್ಷದ ಮುನಿಸು ಇವತ್ತು ಮುಗಿಯಿತು, ಎದ್ದು ಗೋಡೆಯ ಹತ್ತಿರ ಹೋಗುತ್ತಾಳೆ, ವಾರಗಿತ್ತಿಯನ್ನು ಕರೆಯುತ್ತಾಳೆ ಎಂದು ನಾನು ಕಾದೆ.

ಎದ್ದಳು. ನನ್ನ ಹತ್ತಿರ ಬಂದು ಕಿವಿಯಲ್ಲಿ ಕೇಳಿದಳು.

"ಆಚೆ ಹೋಗಿದ್ಯಲ್ಲ, ಅವಳ ಮಗ್ಗದ ಮೇಲೆ ಈಗ ಏನೈತೆ?"

ತಿಪ್ಪಯ್ಯ, ಇದನ್ನು ಯಾವ ಮರ ಕೇಳುತ್ತದಪ್ಪ?