ಬೀಗರ ಹಾಡು ಹಿಡಿಯಬೇಕಾದವಳು

ಒಂದು ಮನೆತನದ ಸಂಸ್ಕಾರವನ್ನು ಆ ಮನೆಯಲ್ಲಿ ಕೇಳಿಬರುವ ಸಂಗೀತದಿಂದಲೇ ಅಳೆಯಬೇಕು ಎಂಬುದು ನಾನು ಬಹುಕಾಲದಿಂದ ನಂಬಿಕೊಂಡು ಬಂದ ಮಾತು. ಹೊನ್ನಾಳಿಯ ನಮ್ಮ ಮನೆಯಲ್ಲಿ ಬೆಳಿಗ್ಗೆ ಕೇಳಿಬರುವುದು ಮಿಕ್ಸಿ. ಅದಕ್ಕೆ ಶ್ರುತಿ ಹಿಡಿಯುವುದು ಬಚ್ಚಲಲ್ಲಿ ಗಂಟಲು ಸರಿಮಾಡಿಕೊಳ್ಳುವ ನಮ್ಮ ಯಜಮಾನರು.

ಈ ವಿಷಯದಲ್ಲಿ ನಾನು ಬಹಿರಂಗ ಹೇಳಿಕೆ ಕೊಡಬೇಕಾದ ಪ್ರಸಂಗ ಬಂದದ್ದು ನಮ್ಮ ನಾದಿನಿಯ ಮಗಳ ಮದುವೆ ಗೊತ್ತಾದಾಗ. ನಾದಿನಿಯನ್ನು ಕೊಟ್ಟದ್ದು ಬಸವಾಪಟ್ಟಣಕ್ಕೆ. ಹುಡುಗನದು ಜಗಳೂರು ತಾಲ್ಲೂಕು, ಸೊಕ್ಕೆ. ನಿಶ್ಚಿತಾರ್ಥ ಮುಗಿದ ವಾರದಲ್ಲೇ ಹುಡುಗನ ಅಕ್ಕ ಎರಡೂ ಕಡೆಯವರನ್ನು ಸೇರಿಸಿ ಒಂದು ವಾಟ್ಸಾಪ್ ಗುಂಪು ಮಾಡಿದಳು. ಬರೀ ಗುಡ್ ಮಾರ್ನಿಂಗ್ ಹೂವು ಕಳಿಸಿಕೊಂಡಿದ್ದರೆ ಬೀಗತನ ಬೆಳೆಯುವುದಿಲ್ಲವೆಂದು ಒಂದು ಕಟ್ಟಳೆಯನ್ನೂ ಹಾಕಿದಳು: ದಿನಕ್ಕೊಬ್ಬರು ತಮ್ಮ ಮನೆಯಲ್ಲಿ ಈಗ ಏನು ಹಾಡು ಕೇಳುತ್ತಿದ್ದಾರೆ, ಯಾಕೆ ಕೇಳುತ್ತಿದ್ದಾರೆ ಎಂದು ಬರೆಯಬೇಕು.

ಹುಡುಗನ ಸೋದರಮಾವ ಟ್ರ್ಯಾಕ್ಟರಿನಲ್ಲಿ ಹಾಕಿಕೊಳ್ಳುವ ಒಂದು ಹಾಡು ಕಳಿಸಿ, 'ಇದಿಲ್ಲಾಂದ್ರೆ ಗಾಡಿ ಏರು ಹತ್ತಲ್ಲ' ಎಂದು ಬರೆದರು. ನಮ್ಮ ನಾದಿನಿಯ ಗಂಡ, 'ಏನೂ ಕೇಳ್ತಿಲ್ಲ, ಟಿವಿ ರಿಪೇರಿಗೆ ಹೋಗೈತೆ' ಎಂದು ಇದ್ದದ್ದನ್ನು ಇದ್ದ ಹಾಗೆ ಒಪ್ಪಿಕೊಂಡರು. ನನ್ನ ಸರದಿ ಬಂದಾಗ ಕನ್ನಡಕ ಒರೆಸಿಕೊಂಡು ಬರೆದೆ: 'ಪ್ರಾತಃಕಾಲದಲ್ಲಿ ವಚನಗಳನ್ನು ಕೇಳುತ್ತೇನೆ. ಚಿತ್ತಶುದ್ಧಿಗಾಗಿ.' ಗುಂಪಿನಲ್ಲಿ ಅನೇಕರು ಕೈಮುಗಿದರು.

ನಾನು ಕೇಳುತ್ತಿದ್ದದ್ದು ಬೈಗುಳ.

ನಮ್ಮ ಕಡೆ ಮದುವೆಯಲ್ಲಿ ಬೀಗರನ್ನು ಎದುರುಗೊಳ್ಳುವಾಗ ಎರಡೂ ಕಡೆಯ ಹೆಂಗಸರು ಒಬ್ಬರನ್ನೊಬ್ಬರು ಹೀಯಾಳಿಸಿ ಹಾಡುವ ಪದ್ಧತಿ ಇದೆ. ಬೀಗರ ಹಾಡು ಎನ್ನುತ್ತೇವೆ. ಒಬ್ಬಳು ಸೊಲ್ಲು ಎತ್ತಬೇಕು, ಇನ್ನೊಬ್ಬಳು ಅದನ್ನು ಹಿಡಿಯಬೇಕು, ಉಳಿದವರು ಹಿಂದೆ ಬರಬೇಕು. ಆ ಕಡೆಯವರು ಉತ್ತರ ಕಟ್ಟಲಾರದೆ ಸುಮ್ಮನಾದರೆ ನಾವು ಗೆದ್ದಂತೆ. ಆದ್ದರಿಂದ ಯಾವ ಹಾಡು ಎನ್ನುವುದನ್ನು ಮದುವೆಯ ತನಕ ಪರೀಕ್ಷೆಯ ಪ್ರಶ್ನೆಪತ್ರಿಕೆಗಿಂತ ಭದ್ರವಾಗಿ ಇಟ್ಟುಕೊಳ್ಳಬೇಕು.

ಈ ವಿದ್ಯೆಯಲ್ಲಿ ನಮ್ಮತ್ತೆ ಘನ ಪಂಡಿತೆ. ಅವರು ಬಾಯಿ ತೆಗೆದರೆ ಬೀಗರು ಊಟ ಬಿಟ್ಟು ಏಳುತ್ತಿದ್ದರು ಎಂದು ಇವತ್ತಿಗೂ ಹೆಮ್ಮೆಯಿಂದ ಹೇಳುವವರಿದ್ದಾರೆ. ಅವರು ಹೋದ ಮೇಲೆ ಎತ್ತುವುದು ನನ್ನ ಪಾಲಿಗೆ ಬಂತು, ಹಿಡಿಯುವುದು ನನ್ನ ವಾರಗಿತ್ತಿಯ ಪಾಲಿಗೆ. ವಾರಗಿತ್ತಿ ಎಂದರೆ ನನ್ನ ಮೈದುನನ ಹೆಂಡತಿ. ಸಂಸಾರ ಈಗ ನ್ಯಾಮತಿಯಲ್ಲಿ, ತವರು ಅದೇ ಸೊಕ್ಕೆ. ನಾನು ಎತ್ತಿದ್ದನ್ನು ಅವಳು ಹಿಡಿಯದೆ ಬಿಟ್ಟ ಮದುವೆಯೇ ಇಲ್ಲ. ನನ್ನ ಉಸಿರು ಎಲ್ಲಿ ಸಾಲದಾಗುತ್ತದೆ ಎಂದು ನನಗಿಂತ ಅವಳಿಗೇ ಚೆನ್ನಾಗಿ ಗೊತ್ತಿತ್ತು.

ಅಲ್ಮೆರಾ ತೆಗೆದು ಒರೆಸುವಾಗ ಒಂದು ಹಳೆಯ ಕ್ಯಾಸೆಟ್ ಸಿಕ್ಕಿತ್ತು. ವಾರಗಿತ್ತಿಯ ಮದುವೆಯಲ್ಲಿ ಯಾರೋ ಟೇಪ್‌ರೆಕಾರ್ಡರ್ ಇಟ್ಟು ತುಂಬಿಸಿದ್ದು. ಆ ಮದುವೆಯ ಹೊತ್ತಿಗೆ ನಾನು ಬಾಣಂತನಕ್ಕೆ ತವರಿನಲ್ಲಿದ್ದೆ, ಹಾಗಾಗಿ ಅತ್ತೆಯ ಆವತ್ತಿನ ಹಾಡು ನಾನು ಕೇಳಿರಲಿಲ್ಲ. ಅಂಗಡಿಯಲ್ಲಿ ಅದನ್ನು ಮೊಬೈಲಿಗೆ ಇಳಿಸಿಕೊಟ್ಟರು. ಹಿನ್ನೆಲೆಯಲ್ಲಿ ಒಂದು ಮಗು ಅಳುತ್ತದೆ, ಯಾರೋ ಸಾರಿಗೆ ಉಪ್ಪು ಸಾಲದು ಎನ್ನುತ್ತಾರೆ, ಎಲ್ಲದರ ಮೇಲೆ ಅತ್ತೆಯ ದನಿ:

ಬಿಸಿಲೂರ ಬೀಗರಿಗೆ ಕಾಲಿಗೆ ನೀರು ಕೊಟ್ಟೇವೆ,
ಕಾಲು ಮರೆತು ಕುಡಿದಾರೆ, ಚೆಂಬ ನೆಕ್ಕಿ ಇಟ್ಟಾರೆ!

ಹೊಳೆಯ ಪಕ್ಕ ಹುಟ್ಟಿದವರು ನೀರಿಗೆ ಬರವಿರುವ ಜಗಳೂರು ಸೀಮೆಯವರಿಗೆ ಹೇಳಬಹುದಾದದ್ದನ್ನೆಲ್ಲ ಅತ್ತೆ ಎರಡು ಸಾಲಿನಲ್ಲಿ ಮುಗಿಸಿದ್ದರು. ಈಗ ಬರುವ ಬೀಗರೂ ಅದೇ ಸೀಮೆಯವರು! ದೇವರೇ ಕ್ಯಾಸೆಟ್ ಕೈಗಿಟ್ಟ ಎಂದುಕೊಂಡೆ. ದಿನಾ ಕೇಳಿದೆ. ಅತ್ತೆ ಎಲ್ಲಿ ಎಳೆಯುತ್ತಾರೆ, 'ನೆಕ್ಕಿ' ಎನ್ನುವಾಗ ಎಷ್ಟು ಸಣ್ಣಗೆ ನಗುತ್ತಾರೆ ಎಂದು ಕಲಿತೆ. ಬದುಕಿದ್ದಾಗ ಅವರು ನನ್ನ ಹಾಡನ್ನು ಒಮ್ಮೆಯೂ ಹೊಗಳಿರಲಿಲ್ಲ. ಅವರ ಹಾಡನ್ನು ಅವರ ಹಾಗೇ ಒಂದು ಸಲ ತುಂಬಿದ ಮಂಟಪದಲ್ಲಿ ಹಾಡಿಬಿಡಬೇಕು ಎನ್ನುವುದೊಂದೇ ನನ್ನ ಆಸೆಯಾಗಿತ್ತು.

ನಿಜವಾಗಿ ಮನೆಯಲ್ಲಿ ಏನು ಕೇಳುತ್ತಿದ್ದೇನೆ, ಯಾಕೆ ಕೇಳುತ್ತಿದ್ದೇನೆ ಎಂದು ಹೇಳಿದ್ದು ಒಬ್ಬಳಿಗೇ. ಹಾಡನ್ನು ವಾರಗಿತ್ತಿಗೆ ಕಳಿಸಿ ಫೋನು ಮಾಡಿದೆ.

"ಕೇಳಿದ್ಯೇನೇ? ಹೆಂಗೈತೆ?"

"ಕೇಳ್ದೆ ಅಕ್ಕ. ಬ್ಯಾರೆ ಯಾವುದಾದ್ರು ತಗಳಾಣೇನು?"

"ಹುಚ್ಚಿ, ಇದರಂಥದು ಇನ್ನೊಂದು ಐತೇನೆ? ಇದನ್ನ ಕೇಳ್ತಾ ಕೇಳ್ತಾ ನಿನ್ನೆ ಒಲೆ ಮ್ಯಾಲಿನ ಹಾಲೆಲ್ಲ ಉಕ್ಕಿ ಹೋತು ನೋಡು. ಬೆಕ್ಕು ಬಂದು ನೆಕ್ತು. ನಿಮ್ಮ ಭಾವಾರಿಗೆ ಹೇಳಿಲ್ಲ. ನೀನೂ ಯಾರಿಗೂ ಹೇಳಬ್ಯಾಡ."

"ಆತು ಅಕ್ಕ," ಎಂದಳು.

ಚನ್ನಗಿರಿಯಲ್ಲಿ ಮಂಟಪ. ಮದುವೆಯ ಹಿಂದಿನ ಸಂಜೆ ಬೀಗರ ಬಸ್ಸು ಬಂತು. ಬಾಗಿಲಲ್ಲಿ ಚೆಂಬು, ಆರತಿ, ನಾವು. "ನಮ್ಮೂರೋರೆಲ್ಲ ಬಂದಾರೆ ಅಕ್ಕ, ಮಾತಾಡ್ಸಿ ಬರ್ತೀನಿ," ಎಂದು ವಾರಗಿತ್ತಿ ಬಸ್ಸಿನ ಕಡೆ ಹೋದಳು. ತವರಿನವರು, ಮಾತಾಡಿಸಲಿ ಎಂದುಕೊಂಡೆ. ಬೀಗರು ಕಾಲು ತೊಳೆಯಲು ಬಗ್ಗಿದರು. ನಾನು ದನಿ ಎತ್ತಿದೆ. ಅತ್ತೆ ಎಳೆಯುವ ಕಡೆ ಎಳೆದೆ, ನಗುವ ಕಡೆ ನಕ್ಕೆ. ಎರಡು ಸಾಲು ಮುಗಿಸಿ, ವಾರಗಿತ್ತಿ ಬಂದಿರುತ್ತಾಳೆ, ಹಿಡಿಯಲಿ ಎಂದು ಬಲಕ್ಕೆ ತಿರುಗಿದೆ. ಬಲಗಡೆ ನಾದಿನಿ ಆರತಿ ತಟ್ಟೆ ಹಿಡಿದುಕೊಂಡು ನಿಂತಿದ್ದಳು. ಅವಳಿಗೆ ಹಾಡು ಬರುವುದಿಲ್ಲ.

ದನಿ ಎದುರಿನಿಂದ ಬಂತು. ಕಣ್ಣು ಮುಚ್ಚಿದ್ದರೂ ಗುರುತಿಸಬಲ್ಲ ದನಿ.

ಹೊಳೆದಂಡೆ ಬೀಗರು ಮಜ್ಜಿಗೆ ಬಡಿಸ್ಯಾರೆ,
ಲೋಟದಾಗೆ ಮೀನೊಂದು ಈಜಾಡಿ ಹೋಗೈತೆ!

ಸೊಕ್ಕೆಯ ಹೆಂಗಸರೆಲ್ಲ ಒಂದೇ ಉಸಿರಿಗೆ ಹಿಡಿದರು. ಅಭ್ಯಾಸ ಮಾಡಿದ್ದರು, ಅದು ಹಾಡಿದ ರೀತಿಯಲ್ಲೇ ತಿಳಿಯುತ್ತಿತ್ತು. ನನ್ನ ವಾರಗಿತ್ತಿ ಅವರ ನಡುವೆ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ನನ್ನನ್ನು ನೋಡದೆ ನಿಂತಿದ್ದಳು. ನಾನಿನ್ನೂ ಸಾವರಿಸಿಕೊಂಡಿರಲಿಲ್ಲ, ಎರಡನೆಯದು ಬಂತು:

ಹಿರಿಸೊಸೆ ಹಾಡ ಕಲಿಯಾಕೆ ಫೋನ ಕಿವಿಗಿಟ್ಟಾಳೆ,
ಒಲೆ ಮ್ಯಾಲಿನ ಹಾಲುಕ್ಕಿಸಿ ಬೆಕ್ಕಿಗೆ ಹಬ್ಬ ಮಾಡ್ಯಾಳೆ!

ಮಂಟಪಕ್ಕೆ ಮಂಟಪವೇ ನಕ್ಕಿತು. "ಯಾವ ಹಾಲು?" ಎಂದು ನಮ್ಮ ಯಜಮಾನರು ಹಿಂದಿನಿಂದ ಕೇಳಿದರು. ಟ್ರ್ಯಾಕ್ಟರಿನ ಸೋದರಮಾವ, "ಅಮ್ಮಾರು ವಚನ ಕೇಳ್ತೀನಿ ಅಂದಿದ್ರಲ್ರೀ!" ಎಂದು ಕೂಗಿದರು. ನಮ್ಮ ಕಡೆಯವರು ಸೋತದ್ದು ಅತ್ತೆಯ ಕಾಲದಿಂದ ಅದೇ ಮೊದಲು.

ಅಡುಗೆಮನೆಯ ಹಿಂದೆ ಬಾಳೆಎಲೆ ಒರೆಸುತ್ತ ಕೂತಿದ್ದ ವಾರಗಿತ್ತಿಯ ಎದುರು ಹೋಗಿ ನಿಂತೆ.

"ಯಾವ ಜನ್ಮದ ಸೇಡೇ ಇದು?"

"ಸೇಡಲ್ಲ ಅಕ್ಕ. ಕೂತ್ಕಳ್ರಿ."

"ಕೂತ್ಕಳಾಕೆ ಬಂದಿಲ್ಲ. ಇಷ್ಟು ವರ್ಷ ನನ್ನ ಪಕ್ಕ ನಿಂತೋಳು, ಇವತ್ತು ಆ ಕಡೆ ಹೋಗಿ ನಿಂತೆಲ್ಲ?"

ಅವಳು ಎಲೆ ಕೆಳಗಿಟ್ಟಳು. "ಆ ಹಾಡು ಹೆಂಗೆ ಹುಟ್ತು ಗೊತ್ತೇನ್ರಿ?"

"ಹಳೇ ಹಾಡು. ಅತ್ತೆ ಅವರ ತಾಯಿಂದ ಕಲ್ತಿರಬೇಕು."

"ಅಲ್ಲ. ನಮ್ಮಪ್ಪ ಅವತ್ತು ನನ್ನ ಮದುವೆಗೆ ಊರಿಂದ ಬಸ್ಸಿನಾಗೆ ನಿಂತ್ಕಂಡೇ ಬಂದಿದ್ರು. ಬಾಯಾರಿತ್ತು. ಕಾಲಿಗೆ ಕೊಟ್ಟ ಚೆಂಬು ಎತ್ತಿ ಕುಡಿದುಬಿಟ್ರು. ಅತ್ತೆ ಅದನ್ನ ನೋಡಿ ನಿಂತಲ್ಲೇ ಕಟ್ಟಿದ್ರು. ಎಲ್ಲಾರೂ ನಕ್ರು. ನಮ್ಮಪ್ಪನೂ ನಕ್ರು. ಆಮ್ಯಾಲೆ ನಿಮ್ಮನೇಲಿ ಒಂದು ದಿನಾನೂ ನೀರು ಕೇಳಲಿಲ್ಲ. ಕೊಟ್ರೂ ಮುಟ್ಟಲಿಲ್ಲ."

ನನಗೆ ಅವಳ ತಂದೆ ನೆನಪಾದರು. ಮಗಳನ್ನು ನೋಡಲು ಬಂದಾಗ ಹೆಗಲಿನ ಚೀಲದಲ್ಲಿ ಸದಾ ಒಂದು ನೀರಿನ ಬಾಟಲಿ. ಆರೋಗ್ಯದ ಕಡೆ ಗಮನ ಇರುವ ಮನುಷ್ಯ ಎಂದು ನಾನು ನಮ್ಮ ಯಜಮಾನರಿಗೆ ಅವರನ್ನು ಮಾದರಿಯಾಗಿ ತೋರಿಸಿದ್ದೂ ಉಂಟು.

"ನನಗೆ ಹೇಳಬಹುದಿತ್ತಲ್ಲೇ," ಎಂದೆ.

"ಬ್ಯಾರೆ ತಗಳಾಣ ಅಂದೆ. ನೀವು ಹುಚ್ಚಿ ಅಂದ್ರಿ."

"ಜಗಳ ಮಾಡಬೇಕಿತ್ತು. ಬೈಬೇಕಿತ್ತು. ನನ್ನ ಹಾಲಿನ ಸುದ್ದಿ ಯಾಕೆ ಹೇಳಿದೆ? ಅದು ನಿನ್ನ ನಂಬಿ ಹೇಳಿದ್ದು."

"ಅದು ನಗಾಕೆ ಅಂತ ಹಾಕಿದ್ದು ಅಕ್ಕ. ಹಾಡು ಅಂದ್ಮೇಲೆ ನಗು ಬ್ಯಾಡೇನ್ರಿ?"

ಈ ಮಾತನ್ನು ಅತ್ತೆಯೇ ಎಷ್ಟೋ ಸಲ ಹೇಳಿದ್ದರು. ಆದರೂ ನನಗೆ ಸಮಾಧಾನವಾಗಲಿಲ್ಲ. ಅವಳ ಕಡೆ ನ್ಯಾಯವಿದೆ ಎಂದು ಅಲ್ಲೇ ಗೊತ್ತಾಯಿತು, ಇವತ್ತೂ ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಮೋಸಕ್ಕೆ ಒಳ್ಳೆಯ ಕಾರಣ ಸಿಕ್ಕಿದರೆ ಮೋಸ ಹೋದವರಿಗೆ ಇನ್ನೂ ಕಷ್ಟ. ಬೈದು ಹಗುರಾಗುವ ಹಕ್ಕೂ ಕೈತಪ್ಪುತ್ತದೆ. ಸೊಕ್ಕೆಯ ಆ ಹೆಂಗಸರಿಗೆ ಅವಳು ಫೋನಿನಲ್ಲಿ ಹಾಡು ಹೇಳಿಕೊಡುತ್ತಿದ್ದ ಸಂಜೆಗಳಲ್ಲೇ ನನಗೂ ಫೋನು ಮಾಡಿ, "ಗಂಟಲು ನೋಡ್ಕಳ್ರಿ ಅಕ್ಕ, ಬಿಸಿನೀರು ಕುಡೀರಿ," ಎನ್ನುತ್ತಿದ್ದಳು. ಆ ಬಿಸಿನೀರನ್ನು ನಾನು ನಂಬಿ ಕುಡಿದಿದ್ದೆ.

ಮದುವೆ ಚೆನ್ನಾಗಿಯೇ ಆಯಿತು. ಆಮೇಲೆ ಸವಳಂಗದಲ್ಲಿ ನಮ್ಮ ಕಡೆಯದೇ ಇನ್ನೊಂದು ಮದುವೆ ಇತ್ತು. ವಾರಗಿತ್ತಿ ಬಂದಿದ್ದಳು. ಅಕ್ಕಪಕ್ಕವೇ ನಿಂತು ಬೀಗರನ್ನು ಎದುರುಗೊಂಡೆವು. ಹಾಡು ಯಾರೂ ಎತ್ತಲಿಲ್ಲ.